ಪಾಳಿಯ ಕೆಲಸ, ಪದವಿಯ ಓದು: ಬಿಸಿಲುನಾಡಿನ ಶುಶ್ರೂಷಕಿಯರ ಎರಡು ಹೊರೆ

ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹೂವಿನಹಡಗಲಿ ಮತ್ತು ಹರಪನಹಳ್ಳಿಯ ಆಸ್ಪತ್ರೆಗಳಲ್ಲಿಯೂ ಖಾಸಗಿ ನರ್ಸಿಂಗ್ ಹೋಂಗಳಲ್ಲಿಯೂ ದುಡಿಯುವ ಶುಶ್ರೂಷಕಿಯರಲ್ಲಿ ಹಲವರು ಜಿ.ಎನ್.ಎಂ. ಓದಿದವರು. ರೋಗಿಗಳ ಆರೈಕೆ ಮತ್ತು ಹೆರಿಗೆ ಮಾಡಿಸುವ ವಿದ್ಯೆ ಎರಡನ್ನೂ ಕಲಿಸುವ 3 ವರ್ಷಗಳ ಈ ಡಿಪ್ಲೊಮಾ ಕೆಲಸ ಕೊಡಿಸುತ್ತದೆಯಾದರೂ, ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಹುದ್ದೆಗಾಗಲಿ ಸ್ನಾತಕೋತ್ತರ ಓದಿಗಾಗಲಿ ಬಿ.ಎಸ್ಸಿ. ನರ್ಸಿಂಗ್ ಪದವಿಯೇ ಬೇಕು. 2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಡಿ ಹಳ್ಳಿಗಳ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗತೊಡಗಿ, ಅಲ್ಲಿಗೆ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹೊಸ ಹುದ್ದೆ ಬಂದ ಮೇಲೆ ಪದವಿಯ ಆಸೆ ಇನ್ನಷ್ಟು ಬಲವಾಯಿತು. ಸಂಬಳ ನಂಬಿದ ಮನೆಯಿರುವಾಗ ಕೆಲಸ ಬಿಡುವಂತಿಲ್ಲ, ಓದದೆ ಮೇಲೇರುವಂತಿಲ್ಲ ಎಂಬ ಇಕ್ಕಟ್ಟು ಹುಟ್ಟುವುದು ಇಲ್ಲಿಯೇ.

ಈ ಇಕ್ಕಟ್ಟನ್ನು ಸಮಯಪಾಲನೆಯ ಜಾಣ್ಮೆಯಿಂದ ದಾಟಬಹುದೆಂದು ಹೇಳುವವರು ಕೋರ್ಸಿನ ನಿಯಮಗಳನ್ನು ಒಮ್ಮೆ ನೋಡಬೇಕು. ದೇಶದ ಶುಶ್ರೂಷಾ ಶಿಕ್ಷಣದ ಮಟ್ಟವನ್ನು ಗೊತ್ತುಪಡಿಸುವ ಭಾರತೀಯ ಶುಶ್ರೂಷಾ ಪರಿಷತ್ತು ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಪರೀಕ್ಷೆಗೆ ಕೂರಲು ಶೇ 80ರಷ್ಟು ಹಾಜರಾತಿ ಕೇಳುತ್ತದೆ; ಪ್ರಾಯೋಗಿಕ ತರಬೇತಿಯ ಹಾಜರಾತಿಯಂತೂ ಪದವಿ ಕೈಸೇರುವ ಮುನ್ನ ಶೇ 100 ಆಗಿರಲೇಬೇಕು. ಜಿ.ಎನ್.ಎಂ. ಮುಗಿಸಿದವರಿಗೆಂದೇ ಇರುವ, ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಎಂಬ 2 ವರ್ಷಗಳ ಕೋರ್ಸು ಕೂಡ ಪೂರ್ಣಾವಧಿಯದೇ. ಹಗಲೆಲ್ಲ ಕಾಲೇಜು ಮತ್ತು ವಾರ್ಡು ಎಂದಾದಾಗ ನೌಕರಿಗೆ ಉಳಿಯುವುದು ರಾತ್ರಿ ಮಾತ್ರ.

ಆ ರಾತ್ರಿಯ ಬೆಲೆಯನ್ನು ವಿಜ್ಞಾನ ಅಳೆದಿದೆ. ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 17 ಗಂಟೆ ನಿದ್ದೆಯಿಲ್ಲದೆ ಕಳೆದವರ ಕೈ-ಕಣ್ಣುಗಳ ಚುರುಕು, ರಕ್ತದಲ್ಲಿ ಶೇ 0.05ರಷ್ಟು ಮದ್ಯಾಂಶ ಇರುವವರ ಮಟ್ಟಕ್ಕೆ ಇಳಿದಿರುತ್ತದೆ. ಭಾರತದಲ್ಲಿ ವಾಹನ ಓಡಿಸುವವರಿಗೆ ಕಾನೂನು ಹಾಕಿರುವ ಮಿತಿ ಶೇ 0.03. ಬೆಳಿಗ್ಗೆ 6ಕ್ಕೆ ಎದ್ದು ಕಾಲೇಜು ಮುಗಿಸಿ, ರಾತ್ರಿ 8ಕ್ಕೆ ಪಾಳಿಗೆ ಬಂದ ಶುಶ್ರೂಷಕಿ 11 ಗಂಟೆಯ ಹೊತ್ತಿಗೆ ಈ ಸ್ಥಿತಿ ಮುಟ್ಟುತ್ತಾಳೆ. ಪಾಳಿ ಮುಗಿಯಲು ಆಗ ಇನ್ನೂ 9 ಗಂಟೆ ಇರುತ್ತದೆ.

ಅಂಥ ಹೊತ್ತಿನಲ್ಲಿ ಅವಳು ಮಾಡಬೇಕಾದ ಒಂದು ಸಾಮಾನ್ಯ ಲೆಕ್ಕವನ್ನು ಗಮನಿಸಬಹುದು. ವೈದ್ಯರು 500 ಮಿಲಿಲೀಟರ್ ಸಲೈನನ್ನು 4 ಗಂಟೆಯಲ್ಲಿ ಕೊಡುವಂತೆ ಬರೆದಿದ್ದಾರೆ, ಡ್ರಿಪ್ ಸೆಟ್ಟಿನಲ್ಲಿ 20 ಹನಿಗೆ 1 ಮಿಲಿಲೀಟರ್ ಆಗುತ್ತದೆ ಎಂದುಕೊಂಡರೆ, ಒಟ್ಟು 10,000 ಹನಿಗಳನ್ನು 240 ನಿಮಿಷಗಳಿಗೆ ಹಂಚಿ, ನಿಮಿಷಕ್ಕೆ ಸುಮಾರು 42 ಹನಿ ಬೀಳುವಂತೆ ಕೊಳವೆಯ ಚಕ್ರವನ್ನು ಹೊಂದಿಸಿ, ಕೈಗಡಿಯಾರ ನೋಡುತ್ತ ಹನಿಗಳನ್ನು ಎಣಿಸಬೇಕು. ಲೆಕ್ಕ ಚಿಕ್ಕದು. ಆದರೆ ಹೃದಯ ಸೋತ ವೃದ್ಧರಿಗೆ ಹನಿ ಎರಡು ಪಟ್ಟು ವೇಗವಾಗಿ ಬಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರೇ ಕಟ್ಟಬಹುದು. ಹಗಲು ಓದಿದ್ದನ್ನು ಮಿದುಳು ನೆನಪಿನಲ್ಲಿ ನೆಲೆಗೊಳಿಸುವುದೂ ಬಹುಮಟ್ಟಿಗೆ ನಿದ್ದೆಯಲ್ಲೇ ಆದ್ದರಿಂದ, ನಿದ್ದೆಗೆಟ್ಟವಳು ಕಳೆದುಕೊಳ್ಳುವುದು ಕೆಲಸದ ಎಚ್ಚರವನ್ನಷ್ಟೇ ಅಲ್ಲ, ಓದಿನ ಫಲವನ್ನೂ ಹೌದು.

ದುಡಿಮೆ ಮತ್ತು ಕಲಿಕೆ ಒಂದೇ ಆಗಿದ್ದ ಕಾಲವೊಂದಿತ್ತು. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ಶಾಲೆಯ ವಿದ್ಯಾರ್ಥಿನಿಯರು ವಾರ್ಡಿನಲ್ಲಿ ದುಡಿಯುತ್ತಲೇ ಕಲಿತರು. ಆ ಮಾದರಿ ಹಬ್ಬಿದೆಡೆಯಲ್ಲೆಲ್ಲ ವಿದ್ಯಾರ್ಥಿನಿಯರು ಆಸ್ಪತ್ರೆಗಳಿಗೆ ಅಗ್ಗದ ಕೈಯಾಳುಗಳಾದರು. 1946ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಪದವಿ ತರಗತಿಗಳು ಶುರುವಾದಾಗ ಶುಶ್ರೂಷೆಗೆ ವಿಶ್ವವಿದ್ಯಾಲಯದ ವಿದ್ಯೆಯೆಂಬ ಸ್ಥಾನ ಸಿಕ್ಕಿತು. ಹೀಗೆ ಗಳಿಸಿದ ಓದಿನ ವೇಳೆಯನ್ನು ಬಿಟ್ಟುಕೊಡುವುದು ಸಲ್ಲದು. ಕಾಲೇಜಿಗೆ ಬಾರದೆಯೇ ಹಾಜರಾತಿ ಹಾಕಿಸಿಕೊಳ್ಳುವ ದಾರಿ ಕಷ್ಟದಲ್ಲಿರುವವರಿಗೆ ಕರುಣೆಯಂತೆ ಕಂಡರೂ, ಅದು ರೋಗಿಗೂ ವಿದ್ಯಾರ್ಥಿನಿಗೂ ಬಗೆಯುವ ದ್ರೋಹವೇ.

ನೌಕರಿಯನ್ನು ಉಳಿಸಿಕೊಂಡೇ ಓದುವ ನೇರವಾದ ದಾರಿಗಳೂ ಇವೆ. ಸರ್ಕಾರದ ಕಾಯಂ ಶುಶ್ರೂಷಾಧಿಕಾರಿಗಳನ್ನು ಸೇವೆಯಲ್ಲಿರುವಾಗಲೇ ಉನ್ನತ ಓದಿಗೆ ನಿಯೋಜಿಸುವ ಪದ್ಧತಿಯಿದ್ದು, ಸಂಬಳ ನಿಲ್ಲದೆ ಪೂರ್ಣ ವೇಳೆ ಓದಲು ಅವಕಾಶವಾಗುವುದರಿಂದ ಇದೇ ಎಲ್ಲಕ್ಕಿಂತ ಉತ್ತಮವಾದ ಏರ್ಪಾಡು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಸೇವೆಯಲ್ಲಿರುವ ನೋಂದಾಯಿತ ಶುಶ್ರೂಷಕಿಯರಿಗಾಗಿಯೇ ಪೋಸ್ಟ್ ಬೇಸಿಕ್ ಪದವಿಯನ್ನು ಕನಿಷ್ಠ 3 ವರ್ಷಕ್ಕೆ ಹಿಗ್ಗಿಸಿ ರೂಪಿಸಿದೆ. ಪಾಠವನ್ನು ಮನೆಯಲ್ಲಿ ಓದಿ, ಪ್ರಾಯೋಗಿಕ ತರಬೇತಿಗೆ ಅಧ್ಯಯನ ಕೇಂದ್ರಕ್ಕೆ ಹೋಗಬೇಕಾದ ಈ ಕೋರ್ಸಿಗೆ ಸೇರಲು ಕೆಲಸದ ಅನುಭವವೂ ಬೇಕು.

ಆದರೆ ಗುತ್ತಿಗೆ, ಹೊರಗುತ್ತಿಗೆ ಮತ್ತು ಖಾಸಗಿ ನೌಕರಿಯವರಿಗೆ ನಿಯೋಜನೆಯ ಭಾಗ್ಯವಿಲ್ಲ, ಮತ್ತು ಅದರ ಅಗತ್ಯ ಹೆಚ್ಚಾಗಿ ಇರುವುದು ಅವರಿಗೇ. ಅವರು ಕಾಲೇಜು ಸೇರುವುದಾದರೆ, ಸಂವಿಧಾನದ 371(ಜೆ) ವಿಧಿಯಿಂದಾಗಿ ಈ ಊರುಗಳೂ ಸೇರಿರುವ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟುಗಳು ಈ ಭಾಗದವರಿಗೆ ಮೀಸಲಾಗಿವೆ. ಸೀಟು ಸಿಕ್ಕ ಮೇಲೂ ಬಳ್ಳಾರಿಯಂಥ ದೂರದ ಊರಿಗೆ ದಿನವೂ ಹೋಗಿಬಂದು ಇಲ್ಲಿನ ಪಾಳಿ ಮಾಡುವುದು ಆಗದ ಮಾತು. ಅಲ್ಲಿಯೇ ಉಳಿಯಲು ಹಾಸ್ಟೆಲ್ ಬೇಕು, ಮನೆಗೆ ಕಳಿಸಲು ಒಂದಿಷ್ಟು ಶಿಷ್ಯವೇತನ ಬೇಕು. ಹಾಗೆಯೇ, ಇಗ್ನೋ ಮೂಲಕ ಓದುತ್ತಿರುವವರಿಗೆ ಆಸ್ಪತ್ರೆಗಳು ಖರ್ಚಿಲ್ಲದೆ ಮಾಡಬಹುದಾದ ಕೆಲಸವೊಂದಿದೆ: ಪರೀಕ್ಷೆ ಮತ್ತು ತರಬೇತಿಯ ದಿನಾಂಕಗಳನ್ನು ಮೊದಲೇ ಕೇಳಿಕೊಂಡು, ಆ ವಾರಗಳಲ್ಲಿ ರಾತ್ರಿಪಾಳಿ ಬಾರದಂತೆ ಡ್ಯೂಟಿ ಪಟ್ಟಿಯನ್ನು ತಿಂಗಳು ಮುಂಚಿತವಾಗಿ ಹಾಕುವುದು.