ಬೆಟ್ಟಕ್ಕೆ ಎಂಬತ್ತು ಗೂಡು

ಕೊಳ್ಳೇಗಾಲದ ಹೊರವಲಯದ ಒಂದು ರೇಷ್ಮೆ ಹುಳುಮನೆ. ಬಾಗಿಲಲ್ಲೇ ಸುಣ್ಣದ ಪುಡಿ ತುಳಿದು ಒಳಗೆ ಹೋದೆವು. ಜೊತೆಗಿದ್ದ ಅಣ್ಣನ ಮಗಳು ಒಂಬತ್ತನೇ ತರಗತಿ; ಅಳತೆಯ ಪಾಠ ತಲೆಗೆ ಹತ್ತದೆ ಸ್ಕೇಲ್ ಹಿಡಿದೇ ಬಂದಿದ್ದಳು.

"ಎಷ್ಟು ಮೇಯಿಸ್ತಿದ್ದೀರಿ, ಅಕ್ಕ?"

"ನೂರು ಮೊಟ್ಟೆ, ಸಾ."

ಇಲ್ಲಿ ಒಂದು ‘ಮೊಟ್ಟೆ’ ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ತತ್ತಿ, ಸುಮಾರು 500. ನೂರೆಂದರೆ ಐವತ್ತು ಸಾವಿರ ಹುಳು! ಏಕಮಾನ ಯಾವುದೆಂದು ಮೊದಲು ಕೇಳಬೇಕು ಅಂತ ಮೇಷ್ಟ್ರು ಹೇಳುವುದು ಇದಕ್ಕೇ.

ಹುಡುಗಿ ಹಣ್ಣಾಗಲಿದ್ದ, ಅಂದರೆ ಇನ್ನೇನು ಗೂಡು ಕಟ್ಟಲಿದ್ದ ಹುಳುವನ್ನು ಅಳೆದಳು: ಏಳು ಸೆಂಟಿಮೀಟರ್. ಮರಿಯಾದಾಗ ಅದು ಮೂರು ಮಿಲಿಮೀಟರ್. ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟಿ ಇಷ್ಟಾಗುವಷ್ಟರಲ್ಲಿ ಉದ್ದ ಇಪ್ಪತ್ತಮೂರು ಪಟ್ಟು. ತೂಕವೋ, ಹತ್ತು ಸಾವಿರ ಪಟ್ಟು. ಅವಳು ನಂಬಲಿಲ್ಲ. ಉದ್ದದ ಜೊತೆ ಅಗಲ, ದಪ್ಪವೂ ಬೆಳೆದಿದೆಯಲ್ಲ, ಇಪ್ಪತ್ತಮೂರನ್ನು ಮೂರು ಸಲ ಗುಣಿಸು ಅಂದೆ. ಅಂಗೈ ಮೇಲೇ ಗುಣಿಸಿದಳು. ಹನ್ನೆರಡು ಸಾವಿರ ಬಂತು. ಹುಳುವಿನ ಲೆಕ್ಕಕ್ಕೆ ಇಷ್ಟು ಹತ್ತಿರ ಬಂದರೆ ಸಾಕು.

ಅಲ್ಲಿಂದ ನೂಲು ಬಿಚ್ಚುವ ಮನೆಗೆ ಹೋದೆವು. ಬಿಸಿನೀರಿನ ಹಬೆ, ಬೆಂದ ಹುಳುವಿನ ವಾಸನೆ. ಸ್ಕೇಲ್ ಸೋತದ್ದು ಇಲ್ಲಿ. ಗೂಡಿನ ಎಳೆಗೆ ಅದರ ಮಿಲಿಮೀಟರ್ ಗೆರೆಯೇ ಹೆದ್ದಾರಿಯಷ್ಟು ಅಗಲ. ಸ್ಕ್ರೂ ಗೇಜ್ ತಂದರೂ ಎಳೆ ಅಪ್ಪಚ್ಚಿ. ರೇಷ್ಮೆಯವರು ಅದಕ್ಕೇ ದಪ್ಪವನ್ನು ಅಳೆಯುವುದಿಲ್ಲ, ತೂಗುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಮೋ ಅಷ್ಟು ಡೆನಿಯರ್. ಅಷ್ಟುದ್ದ ಸುತ್ತಬೇಕಿಲ್ಲ, 1.125 ಮೀಟರ್ ಸುತ್ತಳತೆಯ ರಾಟೆಗೆ 400 ಸುತ್ತು ಸುತ್ತಿದರೆ 450 ಮೀಟರ್, ಅದು ಒಂದು ಗ್ರಾಂ ತೂಗಿದರೆ 20 ಡೆನಿಯರ್. ಏಳೆಂಟು ಗೂಡಿನ ಎಳೆ ಕೂಡಿದರೆ ಅಷ್ಟಾಗುತ್ತದೆ. ಒಂಟಿ ಎಳೆ ಎರಡೂವರೆ ಡೆನಿಯರ್. ರೇಷ್ಮೆಯ ಸಾಂದ್ರತೆ ಘನ ಸೆಂಟಿಮೀಟರಿಗೆ 1.3 ಗ್ರಾಂ ಎಂದು ಹಿಡಿದರೆ ದಪ್ಪ 16 ಮೈಕ್ರಾನ್ ಚಿಲ್ಲರೆ, ನಮ್ಮ ಕೂದಲಿನ ಕಾಲು ಭಾಗ. ಮುಟ್ಟಲಾಗದ್ದನ್ನು ತಕ್ಕಡಿಯಿಂದ ಹಿಡಿಯುವ ಈ ಉಪಾಯ ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಒಳ್ಳೆಯ ಬೈವೋಲ್ಟೀನ್ ತಳಿಯ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ. ಮಹದೇಶ್ವರ ಬೆಟ್ಟಕ್ಕೆ ಇಲ್ಲಿಂದ ಎಂಬತ್ತು ಕಿಲೋಮೀಟರ್. ಹುಡುಗಿ ಎಂಬತ್ತು ಗೂಡು ಎಣಿಸಿ ತಕ್ಕಡಿಗೆ ಸುರಿದಳು: ನೂರೈವತ್ತು ಗ್ರಾಂ. ಅದರಲ್ಲೂ ಬಹುಪಾಲು ಒಳಗಿನ ಪ್ಯೂಪಾದ ಭಾರ. ಬೆಟ್ಟದವರೆಗಿನ ಎಳೆ ಇಪ್ಪತ್ತೆರಡು ಗ್ರಾಂ ಅಷ್ಟೇ.

"ವಾಪಸ್ ಹಾಕವ್ವ," ಅಂದರು ಬಿಚ್ಚಾಣಿಕೆಯವರು, "ಗೂಡಿಗೆ ರೇಟೈತೆ."