ಆಟದ ಬಯಲಿನ ಇಂಗ್ಲಿಷು



ಇಂಗ್ಲಿಷ್ ತಾಸಿನಾಗ ನಾವು 'ಜಂಪ್' ಅಂದ್ರ ಜಿಗಿ, 'ಥ್ರೋ' ಅಂದ್ರ ಒಗಿ, 'ರನ್' ಅಂದ್ರ ಓಡು ಎಂದು ಬರೆದುಕೊಳ್ಳುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು, ಆಟದ ಬಯಲಿಗೆ ಸಾಲದು. ಅಲ್ಲಿ ಒಂದೊಂದು ಶಬ್ದದ ಹಿಂದೆ ಒಂದೊಂದು ನಿಯಮ ಕುಂತಿರ್ತದ. ಶಬ್ದ ತಿಳಿಯದಿದ್ದರೆ ಮೈಯಾಗ ಎಷ್ಟು ಕಸುವು ಇದ್ದರೂ ಅಂಪೈರ್ ಸೀಟಿ ಊದುತ್ತಾರೆ.

ಮೊದಲು ಗುಂಡಿನ ಮಾತು. ಕನ್ನಡದಲ್ಲಿ ಗುಂಡು ಎಸೆತ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದಕ್ಕೆ ಥ್ರೋ ಅನ್ನುವುದೇ ಇಲ್ಲ, 'ಶಾಟ್ ಪುಟ್' ಅನ್ನುತ್ತಾರೆ. ಪುಟ್ ಅಂದ್ರ ಇಡು ಎಂದು ನಾವು ಕಲಿತದ್ದು. ಆದರೆ ಆ ಶಬ್ದಕ್ಕೆ ಹಳೆಯ ಅರ್ಥ ನೂಕು, ತಳ್ಳು. ಗುಂಡು ಗದ್ದಕ್ಕೋ ಕುತ್ತಿಗೆಗೋ ಹತ್ತಿಕೊಂಡಿರಬೇಕು. ಒಂದೇ ಕೈಯಿಂದ ಭುಜದ ಮೇಲಿಂದ ನೂಕಬೇಕು. ಕೈ ಭುಜದ ಹಿಂದಕ್ಕೆ ಹೋಗಬಾರದು. ಚೆಂಡು ಒಗೆದಂಗ ಒಗೆದ್ರ ಫೌಲ್, ಮ್ಯಾಲ ರಟ್ಟಿ ಉಳುಕೂದು ಬ್ಯಾರೆ. ದೊಡ್ಡ ಗಂಡಸರ ಗುಂಡು 7.26 ಕಿಲೋ ಇರ್ತದ, ಹೆಂಗಸರದು 4 ಕಿಲೋ. ನಮ್ಮವರು ಇದಕ್ಕೆ 'ಗುಂಡು ನೂಕು' ಎಂದು ಹೆಸರಿಟ್ಟಿದ್ದರೆ ಚಲೋ ಇತ್ತು ಅಂತ ನನಗ ಅನಿಸ್ತದ. ನೀರಜ್ ಚೋಪ್ರಾ 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ 87.58 ಮೀಟರ್ ದೂರ ಜಾವೆಲಿನ್ ಒಗೆದು ಚಿನ್ನ ಗೆದ್ದರಲ್ಲ, ಅದು ಖರೇ ಥ್ರೋ.

ಇನ್ನು ಜಿಗಿತ. 'ಟ್ರಿಪಲ್ ಜಂಪ್' ಅಂದ್ರ ಮೂರು ಸಲ ಜಿಗಿಯೂದು ಅಂತ ತಿಳಕೊಂಡವರು ಬಾಳ ಮಂದಿ. ಅದರೊಳಗ ಮೂರು ಬೇರೆ ಬೇರೆ ಶಬ್ದ ಅದಾವ: ಹಾಪ್, ಸ್ಟೆಪ್, ಜಂಪ್. ಯಾವ ಕಾಲಿನಿಂದ ಎದ್ದೆವೋ ಅದೇ ಕಾಲಿನ ಮೇಲೆ ಇಳಿದರೆ ಹಾಪ್. ಇದನ್ನ ನಮ್ಮ ಹುಡುಗ್ಯಾರಿಗೆ ಯಾರೂ ಕಲಿಸಬೇಕಾಗಿಲ್ಲ, ಕುಂಟಾಟದಾಗ ದಿನಾ ಮಾಡ್ತಾರ. ಒಂದು ಕಾಲಿನಿಂದ ಎದ್ದು ಇನ್ನೊಂದರ ಮೇಲೆ ಇಳಿದರೆ ಸ್ಟೆಪ್. ಹಳ್ಳ ದಾಟುವಾಗ ಕಲ್ಲಿನಿಂದ ಕಲ್ಲಿಗೆ ಹೋಗ್ತೀವಲ್ಲ, ಹಂಗ. ಕಡೀಕ ಜಂಪ್, ಉಸುಕಿನೊಳಗೆ. ಬಲಗಾಲಿನಿಂದ ಎದ್ದವರ ಲೆಕ್ಕ ಬಲ, ಎಡ, ಉಸುಕು. ಎಡ, ಬಲ ಅದಲಾಬದಲಿ ಆದರೆ ಎಷ್ಟು ದೂರ ಬಿದ್ದರೂ ಅಳತಿ ಹಿಡಿಯೂದಿಲ್ಲ. 2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎಲ್ದೋಸ್ ಪೌಲ್ ಈ ಮೂರೇ ಹೆಜ್ಜಿಯೊಳಗ 17.03 ಮೀಟರ್ ದಾಟಿ ಚಿನ್ನ ತಂದರು. ಎತ್ತರ ಜಿಗಿತಕ್ಕೂ ಒಂದು ನೇಮ ಅದ: ಒಂದೇ ಕಾಲಿನಿಂದ ಏಳಬೇಕು. ಎರಡೂ ಕಾಲು ಕೂಡಿಸಿ ಕಪ್ಪಿಯಂಗ ಎದ್ದರೆ ಆಗದು.

ಹೋದ ವರ್ಷ ವಲಯ ಮಟ್ಟದ ಆಟದಾಗ ಒಬ್ಬಾಕಿ ಉದ್ದ ಜಿಗಿತದಲ್ಲಿ ಎಲ್ಲರಿಗಿಂತ ಮುಂದೆ ಬಿದ್ದಳು. ಎದ್ದು ಉಸುಕಿನೊಳಗಿಂದನ ಹಿಂದಕ್ಕ ನಡಕೊಂತ ಬಂದಳು. ಕೆಂಪು ಬಾವುಟ ಎದ್ದಿತು. "ವಾಕ್ ಬ್ಯಾಕ್, ಫೌಲ್" ಎಂದರು. ಆಕಿ ಹಲಗಿ ದಾಟಿ ತುಳಿದೆ ಅಂತ ತಿಳಕೊಂಡು ಮುಂದಿನ ಸಲ ಒಂದು ಗೇಣು ಹಿಂದಿನಿಂದನ ಎದ್ದಳು. ಬಿದ್ದಳು, ಮತ್ತೆ ಹಿಂದಕ್ಕ ನಡೆದಳು. ಮತ್ತೆ ಕೆಂಪು. 'ವಾಕ್ ಬ್ಯಾಕ್' ಅಂದ್ರ ಹಿಂದಕ್ಕೆ ನಡೆಯುವುದು ಎಂದು ಯಾರೂ ಹೇಳಲಿಲ್ಲ. ಉಸುಕಿನಾಗ ನಿನ್ನ ಗುರುತು ಎಲ್ಲಿ ಬಿದ್ದದೋ ಅದಕ್ಕಿಂತ ಮುಂದೆ ಹೋಗಿಯೇ ಹೊರಗೆ ಕಾಲಿಡಬೇಕು. ಮೂರು ಅಟೆಂಪ್ಟಿನಾಗ ಎರಡು ಹಂಗ ಹೋದವು, ಮೂರನೇದಕ್ಕ ಕಾಲು ನಡುಗಿತು. ತಾಲ್ಲೂಕಿಗೆ ಬೇರೆ ಸಾಲಿ ಹುಡುಗಿ ಹೋದಳು.

ಓಟದಾಗ ಎರಡು ಮಾತು ಕಿವಿಯಾಗ ಇರಲಿ. 'ಆನ್ ಯುವರ್ ಮಾರ್ಕ್ಸ್' ಅಂದಾಗ ಗೆರಿ ಹಿಂದ ಕೂಡಬೇಕು. 'ಸೆಟ್' ಅಂದಾಗ ಸೊಂಟ ಎತ್ತಿ ಅಲುಗಾಡದೆ ಇರಬೇಕು. ಇದು 400 ಮೀಟರ್ ತನಕ. 800 ಮೀಟರಿಗೆ, ಅದಕ್ಕಿಂತ ಉದ್ದದ ಓಟಕ್ಕೆ 'ಸೆಟ್' ಅನ್ನೂದೇ ಇಲ್ಲ, ನೇರ ಗುಂಡಿನ ಸಪ್ಪಳ. 'ಸೆಟ್' ಬರಲಿ ಅಂತ ಕಾಯ್ಕೊಂತ ನಿಂತವನು ಅಲ್ಲೇ ಉಳಿತಾನ.

'ರಿಲೇ' ಅನ್ನೂ ಶಬ್ದ ಮೊದಲು ಬೇಟೆಯದು. ದಣಿದ ನಾಯಿಗಳ ಬದಲಿಗೆ ದಾರಿಯಲ್ಲಿ ತಯಾರು ಇಟ್ಟ ಹೊಸ ನಾಯಿಗಳು, ಆಮೇಲೆ ಕುದುರೆಗಳು. ರಾವುತ ಅಂದ್ರ ಕುದುರೆ ಸವಾರ. ರಾವುತರಾಯನ ಊರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕಬಡ್ಡಿ. ಇದು ನಮ್ಮದೇ ಆಟ ಖರೆ, ಆದರೆ ನಿಯಮದ ಪುಸ್ತಕ ಇಂಗ್ಲಿಷಿನಾಗೂ ಅದ. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟ ಆದ ಮೇಲೆ ಆ ಶಬ್ದಗಳು ಎಲ್ಲಾ ಕಡೆ ಹಬ್ಬಿದವು. ನಾವು 'ದಮ್ಮು' ಅನ್ನೂದಕ್ಕ ಅಲ್ಲಿ 'ಕ್ಯಾಂಟ್' ಅಂತ ಬರೆದಾರ. ಆಗದು ಅನ್ನೂ ಇಂಗ್ಲಿಷ್ ಮಾತು ಇದಲ್ಲ. ಹಾಡು ಅನ್ನುವ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಕಬಡ್ಡಿ ಕಬಡ್ಡಿ ಎಂದು ಸ್ಪಷ್ಟವಾಗಿ, ಉಸಿರು ಬಿಡದೆ ಅನ್ನಬೇಕು. ಎದುರಿನವರ ಅಂಕಣಕ್ಕೆ ಕಾಲಿಡುವ ಮೊದಲೇ ಶುರು ಆಗಿರಬೇಕು. ಒಂದು ರೇಡಿಗೆ 30 ಸೆಕೆಂಡು.

'ಬಾಕ್ ಲೈನ್' ಅನ್ನೂ ಗೆರಿ ನನಗ ಬಾಳ ಸೇರ್ತದ. ಬಾಕ್ ಅಂದ್ರ ಹಳೆಯ ಇಂಗ್ಲಿಷಿನಲ್ಲಿ ಹೊಲದಾಗ ಉಳದೆ ಬಿಟ್ಟ ದಿಬ್ಬ, ಅಂದರೆ ನಮ್ಮ ಬದು! ಆಮೇಲೆ ಅದಕ್ಕೆ ಅಡ್ಡಿ, ತಡೆ ಎಂಬ ಅರ್ಥ ಬಂತು. ಮೊಂಡು ಹಿಡಿದು ಹೆಜ್ಜಿ ಕೀಳದ ಕುದುರೆಗೂ ಅದೇ ಶಬ್ದ. ಗಂಡಸರ ಅಂಕಣದಲ್ಲಿ ಇದು ನಡುಗೆರೆಯಿಂದ 3.75 ಮೀಟರ್ ದೂರ. ಯಾರನ್ನೂ ಮುಟ್ಟದೆ, ಈ ಬದು ದಾಟದೆ ತಿರುಗಿ ಬಂದರೆ ರೇಡರ್ ಔಟ್. ಅದರಾಚೆ ಒಂದು ಮೀಟರಿಗೆ ಬೋನಸ್ ಗೆರಿ. ಅಲ್ಲಿ ಒಂದು ಕಾಲು ಗೆರಿ ದಾಟಿ ಊರಿದಾಗ ಇನ್ನೊಂದು ಕಾಲು ಗಾಳಿಯಲ್ಲಿರಬೇಕು, ಎದುರಿಗೆ ಕಡಿಮೆ ಅಂದ್ರ ಆರು ಮಂದಿ ಇರಬೇಕು. ಐವರಿದ್ದಾಗ ಬೋನಸ್ಸಿಗೆ ಓಡೂದು ಸುಮ್ನ ದಣಿವು. 'ಲೋನಾ' ಮಾತ್ರ ಇಂಗ್ಲಿಷ್ ಅಲ್ಲ, ಮರಾಠಿ ಕಡೆಯಿಂದ ಬಂದದ್ದು.

ಕುಸ್ತಿಯ 'ಫಾಲ್' ಒಂದು ಹೇಳಿಬಿಡತೀನಿ. ಫಾಲ್ ಅಂದ್ರ ಬೀಳೂದು ಅಂತ ಪಾಠದಾಗ ಅದ. ಕುಸ್ತಿಯಲ್ಲಿ ಹತ್ತು ಸಲ ಬಿದ್ದರೂ ಫಾಲ್ ಆಗದು. ಎರಡೂ ಭುಜ ಒಮ್ಮೆಗೇ ಚಾಪೆಗೆ ಒತ್ತಿ ಹಿಡಿಯಬೇಕು. ನಮ್ಮ ಗರಡಿಯವರು ಅದಕ್ಕ 'ಚಿತ್' ಅಂತಾರ.