ಹಂದ್ರಿ ಹುಟ್ಟಿದ ಊರಿನಲ್ಲೊಂದು ಹರಿಗೋಲು

ಹಂದ್ರಿ ನದಿಯು ನಮ್ಮ ಮದ್ದಿಕೇರದ ಹೊಲಗಳಲ್ಲಿ ಹುಟ್ಟಿ ಕರ್ನೂಲಿನ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಊರು ನದಿಯೊಂದರ ತವರಾದರೂ ದೋಣಿ ಹತ್ತಿದ ಮಕ್ಕಳು ಇಲ್ಲಿ ವಿರಳ. ಮಳೆ ಬಿದ್ದ ಕೆಲವು ದಿನಗಳನ್ನು ಬಿಟ್ಟರೆ ಹಂದ್ರಿಯು ಇಲ್ಲಿ ಹಳ್ಳವೇ ಹೊರತು ಹೊಳೆಯಲ್ಲ. ಕಳೆದ ಬೇಸಿಗೆ ರಜೆಗೆ ಮುನ್ನ, ಏಳನೆಯ ತರಗತಿಯಲ್ಲಿದ್ದ ನನ್ನ ಮಗಳು ‘ಹರಿಗೋಲು’ ಎಂದರೇನು ಎಂದು ಕೇಳಿದಳು. “ದೋಣಿ” ಎಂದೆ. “ದೋಣಿಯಾದರೆ ದೋಣಿ ಎಂದೇ ಬರೆಯಬಹುದಿತ್ತಲ್ಲ, ಅಪ್ಪಾ?” ಎಂದಳು. ಆ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದೆಂದು ತೋರಿ, ಮನೆಯ ಅಂಗಳದಲ್ಲಿ ಹರಿಗೋಲೊಂದನ್ನು ಹೆಣೆಯುವ ಸಾಹಸಕ್ಕೆ ಕೈಹಾಕಿದೆವು.

ಹರಿಗೋಲಿಗೆ ಮೂತಿಯಿಲ್ಲ, ಬಾಲವಿಲ್ಲ. ಅದು ಬಿದಿರಿನ ದುಂಡು ಬುಟ್ಟಿ, ಹೊರಗೊಂದು ಹೊದಿಕೆ. ನಮ್ಮ ನೆರೆಯ ತೆಲುಗರು ಅದನ್ನು ಪುಟ್ಟಿ ಎನ್ನುತ್ತಾರೆ, ತಮಿಳರು ಪರಿಸಲ್ ಎನ್ನುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗುಂದಿಯ ಕಡವಿನಲ್ಲಿ ಇದನ್ನು ಕಂಡು ಬೆರಗಾಗಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಆದರೆ ನೆಟ್ಟಗೆ ಸಾಗದೆ ಸದಾ ಸುತ್ತುತ್ತಿರುತ್ತದೆ ಎಂಬುದು ಅವನ ವರದಿಯ ಸಾರ. ಅವನಿಗಿಂತ ಸುಮಾರು ಎರಡು ಸಾವಿರ ವರ್ಷ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ದುಂಡು ದೋಣಿಗಳನ್ನು ವರ್ಣಿಸಿದ್ದ. ಅಲ್ಲಿನ ವರ್ತಕರು ಹೊಳೆಯ ಸೆಳೆತದೊಡನೆ ಇಳಿದು ಬಂದು ಸರಕನ್ನೂ ದೋಣಿಯ ಹಂದರವನ್ನೂ ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದು ಹಿಂದಿರುಗುತ್ತಿದ್ದರಂತೆ. ಕತ್ತೆಯನ್ನೂ ಬರುವಾಗ ದೋಣಿಯಲ್ಲೇ ತರುತ್ತಿದ್ದರು! ಮಗಳಿಗೆ ಇತಿಹಾಸದಲ್ಲಿ ಹಿಡಿಸಿದ್ದು ಇದೊಂದೇ.

ಅಮೆರಿಕ, ಕೆನಡಾಗಳಲ್ಲಿ ಮನೆಯ ಶೆಡ್ಡಿನಲ್ಲೇ ದೋಣಿ ಕಟ್ಟುವ ಹವ್ಯಾಸಿಗಳು ಬಹಳ ಮಂದಿ. ಅವರು ಹಲಗೆಯ ಅಚ್ಚುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ಸೀಡರ್ ಮರದ ತೆಳು ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸುತ್ತಾರೆ. ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ ರಾಳ ಬಳಿಯುತ್ತಾರೆ. ಸೊಗಸಾದ ಕೆಲಸ, ದುಬಾರಿಯೂ ಹೌದು. ನಮ್ಮ ಹರಿಗೋಲಿಗೆ ಅಚ್ಚೂ ಬೇಡ, ಅಂಟೂ ಬೇಡ, ಮೊಳೆಯೂ ಬೇಡ. ಆದರೆ ಅಚ್ಚು ಹೇಳಿಕೊಡುವುದನ್ನೆಲ್ಲ ಹೆಣೆಯುವವನ ಕೈ ತಿಳಿದಿರಬೇಕು. ನನ್ನ ಕೈಗೆ ಏನೂ ತಿಳಿದಿರಲಿಲ್ಲ.

ಆದ್ದರಿಂದ ಆದವಾನಿಯ ಕಡೆಯ ಹಿರಿಯ ಮೇದಾರರೊಬ್ಬರನ್ನು ಕೇಳಿಕೊಂಡೆವು. ಮೊರ, ಬುಟ್ಟಿ ಹೆಣೆದು ಬದುಕಿದವರು. ಯೌವನದಲ್ಲಿ ತುಂಗಭದ್ರೆಯ ದಡದ ಊರುಗಳಿಗೆ ಹೋಗಿ ಹರಿಗೋಲುಗಳನ್ನೂ ಹೆಣೆದುಕೊಟ್ಟವರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನೂ ಇದ್ದಾನೆ, ಅಂಬಿಗರ ಚೌಡಯ್ಯನೂ ಇದ್ದಾನೆ. ಒಬ್ಬನದು ಬಿದಿರು, ಇನ್ನೊಬ್ಬನದು ಹುಟ್ಟು. ಆ ಎರಡು ಕಾಯಕಗಳು ಸೇರುವ ವಸ್ತುವೇ ಹರಿಗೋಲು ಎಂಬುದು ನನಗೆ ಹೊಳೆದದ್ದು ಆ ಹಿರಿಯರ ಪಕ್ಕದಲ್ಲಿ ಕುಳಿತಾಗ.

ಎಳೆಯ ಬಿದಿರು ಒಣಗಿದಾಗ ಮುದುಡುತ್ತದೆ, ತೀರ ಒಣಗಿದ್ದು ಬಾಗಿಸಿದರೆ ಮುರಿಯುತ್ತದೆ. ಬಲಿತ ಹಸಿ ಬಿದಿರು ಬೇಕು. ಅದನ್ನು ಎರಡು ಬೆರಳಗಲದ ದಬ್ಬೆಗಳಾಗಿ ಸೀಳಿ ನೀರಿನಲ್ಲಿ ನೆನೆಯಿಟ್ಟೆವು. ನೆನೆದರೆ ಬಾಗುತ್ತದೆ, ಹುಳುಗಳಿಗೆ ಇಷ್ಟವಾದ ಪಿಷ್ಟವೂ ಸ್ವಲ್ಪಮಟ್ಟಿಗೆ ತೊಳೆದುಹೋಗುತ್ತದೆ. ಬಾಯಿ ಆರಡಿ, ತಳ ಐದಡಿ, ಆಳ ಎರಡಡಿ ಎಂದು ಗೊತ್ತುಮಾಡಿದ್ದರಿಂದ ಹನ್ನೆರಡು ಅಡಿ ಉದ್ದದ ದಬ್ಬೆಗಳು ಬೇಕಾದವು. ಮೇದಾರರು ಸಪಾಟು ನೆಲದ ಮೇಲೆ ದಬ್ಬೆಗಳನ್ನು ಜೋಡಿಜೋಡಿಯಾಗಿ ಮೂರು ದಿಕ್ಕುಗಳಿಂದ ಹಾಯಿಸಿ, ಒಂದರ ಮೇಲೆ ಒಂದರ ಕೆಳಗೆ ನುಗ್ಗಿಸುತ್ತ ಹೋದರು. ನಡುವೆ ಉಳಿದ ಕಿಂಡಿಗಳೆಲ್ಲ ಷಟ್ಕೋನಗಳು. ಮಗಳು ಜ್ಯಾಮಿತಿ ಪೆಟ್ಟಿಗೆಯ ಕೋನಮಾಪಕ ತಂದು ಅಳೆದಳು. 120 ಡಿಗ್ರಿಗೆ ಹತ್ತಿರ ಹತ್ತಿರ. ಅಳತೆಗೋಲು ಮುಟ್ಟದ ಮೇದಾರರು ಅವಳನ್ನು ನೋಡಿ ನಕ್ಕರು.

ತಳ ಮುಗಿದ ಮೇಲೆ ಅದರ ಮೇಲೆ ಕಲ್ಲುಗಳನ್ನು ಹೇರಿ, ಹೊರಚಾಚಿದ ತುದಿಗಳಿಗೆ ನೀರು ಚಿಮುಕಿಸಿ ಮೆಲ್ಲನೆ ಮೇಲಕ್ಕೆ ಬಾಗಿಸಿದರು. ಈ ಹಂತದಲ್ಲಿ ಒಬ್ಬರಿಂದ ಸಾಗದು. ನಾವು ಮೂವರೂ ಸುತ್ತ ನಿಂತು ಹಿಡಿದುಕೊಂಡೆವು. ಅಂಚಿಗೆ ತೆಳು ಸೀಳುಗಳ ದಪ್ಪ ಕಟ್ಟನ್ನು ಹಗ್ಗದಂತೆ ಹೊಸೆದು ಸುತ್ತಿದರು. ಹರಿಗೋಲಿನ ಬಲವೆಲ್ಲ ಅಂಚಿನಲ್ಲಿದೆ. ಅಂಚು ಸಡಿಲವಾದರೆ ಬುಟ್ಟಿ ಬಾಯಿಬಿಡುತ್ತದೆ.

ಹಿಂದೆ ಹೊದಿಕೆಗೆ ಎತ್ತು, ಎಮ್ಮೆಗಳ ಚರ್ಮವಿತ್ತು. ಈಗ ಪ್ಲಾಸ್ಟಿಕ್ ಚೀಲ ಇಲ್ಲವೇ ತಾಡಪತ್ರಿ, ಮೇಲೆ ಕಾಸಿದ ಡಾಂಬರು. ಕಾದ ಡಾಂಬರು ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುವುದರಿಂದ ಮಕ್ಕಳನ್ನು ಹತ್ತಿರ ಬಿಡಲೇಬಾರದು. ಆ ದಿನ ಮೇದಾರರು ಬರಲಾಗಲಿಲ್ಲ. ತಮಗಾಗಿ ಕಾಯಿರಿ ಎಂದಿದ್ದರು. ಕೋರ್ಟು ತೆರೆಯುವ ದಿನ ಹತ್ತಿರವಾಗುತ್ತಿತ್ತು, ನಾನು ಕಾಯಲಿಲ್ಲ.

ಬಂಧುಗಳ ಹೊಲದ ಕುಂಟೆಯಲ್ಲಿ, ಸೊಂಟಮಟ್ಟದ ನೀರಿನಲ್ಲಿ ಹರಿಗೋಲನ್ನು ಇಳಿಸಿದೆವು. ತೇಲಿತು! ಮಗಳನ್ನು ಕೂರಿಸಿದೆ. ಹೆಚ್ಚು ಹೊತ್ತಾಗಿರಲಿಲ್ಲ, ತಳದಲ್ಲಿ ನೀರು ಜಿನುಗಿತು. ಅವಳು ಗಾಬರಿಯಿಂದ ಎದ್ದು ನಿಂತಳು. ಹರಿಗೋಲಿನಲ್ಲಿ ಹಠಾತ್ತನೆ ಏಳಬಾರದೆಂದು ನಾನು ಹೇಳಿಯೇ ಇರಲಿಲ್ಲ. ಒಂದು ಬದಿ ಮುಳುಗಿತು, ಅವಳೂ ಮುಳುಗಿದಳು. ಕೈಗೆ ಜಡೆ ಸಿಕ್ಕಿತು, ಎಳೆದುಕೊಂಡೆ. ನಾನು ನಿಂತ ಜಾಗದಿಂದ ನಾಲ್ಕು ಹೆಜ್ಜೆ ಮುಂದೆ ಹೂಳು ತೆಗೆದ ಆಳವಾದ ಗುಂಡಿಯಿತ್ತೆಂದು ಹೊಲದವರು ಆಮೇಲೆ ಹೇಳಿದರು. ಅವಳ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಪರರ ನಿರ್ಲಕ್ಷ್ಯದ ಬಗ್ಗೆ ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದಿಸುವ ನಾನು ಆ ರಾತ್ರಿ ಹೆಂಡತಿಯ ಒಂದು ಪ್ರಶ್ನೆಗೂ ಉತ್ತರ ಕೊಡಲಾರದೆ ಕುಳಿತೆ.

ಮರುವಾರ ಬಂದ ಮೇದಾರರು ತಳವನ್ನು ಅಂಗೈಯಿಂದ ಸವರಿ ಒಂದೆಡೆ ನಿಂತರು. “ವಕೀಲರೇ, ಗೆಣ್ಣು ಕೆತ್ತದೆ ಬಿಟ್ಟರೆ ಬಿದಿರೇ ಚಾಕು ನೋಡ್ರಿ” ಎಂದರು. ನಾನು ಸೇರಿಸಿದ್ದ ಎರಡು ದಬ್ಬೆಗಳ ಗೆಣ್ಣು ತಾಡಪತ್ರಿಯನ್ನು ಕೊರೆದಿತ್ತು. ಹೊದಿಕೆ ಬಿಚ್ಚಿ, ಗೆಣ್ಣುಗಳನ್ನು ಹೆರೆದು, ಮೊದಲು ಗೋಣಿತಟ್ಟು ಹಾಸಿ, ಅದರ ಮೇಲೆ ತಾಡಪತ್ರಿಯನ್ನು ಬಿಗಿದು ಮತ್ತೆ ಡಾಂಬರು ಬಳಿದರು.

ಎಷ್ಟು ಭಾರ ತಡೆಯುತ್ತದೆ ಎಂಬ ಲೆಕ್ಕವನ್ನು ಈ ಬಾರಿ ಇಳಿಸುವ ಮುನ್ನವೇ ಮಾಡಿದೆವು. ತಳದ ವ್ಯಾಸ ಸುಮಾರು ಒಂದೂವರೆ ಮೀಟರ್, ವಿಸ್ತೀರ್ಣ 1.77 ಚದರ ಮೀಟರ್. ಅದು 15 ಸೆಂಟಿಮೀಟರ್ ಮುಳುಗಿದರೆ ಸುಮಾರು 265 ಲೀಟರ್ ನೀರು ಸರಿಯುತ್ತದೆ. ಅಂದರೆ ದೋಣಿಯ ತೂಕವೂ ಸೇರಿ 265 ಕಿಲೋ. ಆರ್ಕಿಮಿಡೀಸನ ಸೂತ್ರ ಪುಸ್ತಕದಲ್ಲಿ ಒಂದೇ ಸಾಲು.

ಇನ್ನು ಕಾನೂನಿನ ಮಾತು. ಕಾಡಿನ ಹೊರಗೆ ಬೆಳೆದ ಬಿದಿರನ್ನು 1927ರ ಭಾರತೀಯ ಅರಣ್ಯ ಕಾಯ್ದೆಯ ‘ಮರ’ದ ವ್ಯಾಖ್ಯೆಯಿಂದ 2017ರ ತಿದ್ದುಪಡಿ ಕೈಬಿಟ್ಟಿದೆ. ಆದರೆ ಆಂಧ್ರಪ್ರದೇಶಕ್ಕೆ ತನ್ನದೇ ಆದ 1967ರ ಅರಣ್ಯ ಕಾಯ್ದೆಯಿದೆ. ಬಿದಿರು ಕಡಿದು ಸಾಗಿಸುವವರು ಸ್ಥಳೀಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ದೋಣಿಯನ್ನು ಕಟ್ಟುವುದು ಬೇರೆ, ಹಣ ಪಡೆದು ಜನರನ್ನು ದಾಟಿಸುವುದು ಬೇರೆ. ಸಾರ್ವಜನಿಕ ಕಡವುಗಳನ್ನು ನಿಯಂತ್ರಿಸಲು ಮದ್ರಾಸ್ ಪ್ರಾಂತದಲ್ಲಿ 1890ರಲ್ಲೇ ಕಾಯ್ದೆ ಬಂದಿತ್ತು. ಆಗ ಆದವಾನಿಯು ಬಳ್ಳಾರಿ ಜಿಲ್ಲೆಯಲ್ಲಿತ್ತು. 2021ರ ಒಳನಾಡು ನೌಕೆಗಳ ಕಾಯ್ದೆಯಲ್ಲಿ ಯಂತ್ರವಿಲ್ಲದ ದೋಣಿಗಳಿಗೂ ಒಂದು ಅಧ್ಯಾಯವಿದೆ.

ಸೇತುವೆಗಳು ಬಂದಂತೆ ಕಡವುಗಳು ಬರಿದಾದವು. ಆನೆಗುಂದಿಯಲ್ಲಿ ಮಾತ್ರ ಹರಿಗೋಲು ಬಹುಕಾಲ ಉಳಿಯಿತು. ಅಲ್ಲಿ ಕಟ್ಟತೊಡಗಿದ್ದ ಸೇತುವೆಯ ಕಾರಣದಿಂದಲೇ ಹಂಪಿಯು 1999ರಲ್ಲಿ ಯುನೆಸ್ಕೊದ ಅಪಾಯದಂಚಿನ ತಾಣಗಳ ಪಟ್ಟಿ ಸೇರಿ, 2006ರಲ್ಲಿ ಹೊರಬಂತು. ಪೂರ್ಣಗೊಳ್ಳದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಸೇತುವೆ ಬೇಡವೆನ್ನುವುದು ದಡದ ಊರುಗಳಿಗೆ ಅನ್ಯಾಯ. ಬಸುರಿಯನ್ನು ರಾತ್ರಿ ಹೊಳೆ ದಾಟಿಸಬೇಕಾದವರಿಗೆ ಹರಿಗೋಲಿನ ಸೊಗಸು ಕಾಣದು. ಆದರೆ ನಮ್ಮ ಮೇದಾರರ ಮಕ್ಕಳಿಬ್ಬರೂ ಈ ಹೆಣಿಗೆ ಕಲಿತಿಲ್ಲ. ಕೇಳುವವರಿಲ್ಲದ ಕೆಲಸವನ್ನು ಯಾರಾದರೂ ಏಕೆ ಕಲಿಯಬೇಕು ಎಂದು ಅವರೇ ಹೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲಿನ ಎರಡು ಭಾನುವಾರ ಅವರನ್ನು ಕರೆಸಿ, ಪ್ರತಿ ಹಂತವನ್ನೂ ಮಗಳು ಚಿತ್ರ ಬರೆದು, ಅವರು ಬಳಸಿದ ಹೆಸರುಗಳನ್ನೇ ಪಕ್ಕದಲ್ಲಿ ಬರೆದುಕೊಂಡಳು.

ಹರಿಗೋಲು ಈಗ ಹಟ್ಟಿಯ ಗೋಡೆಗೆ ಬೋರಲಾಗಿ ಒರಗಿದೆ. ಭಾನುವಾರಗಳಂದು, ಲೈಫ್ ಜಾಕೆಟ್ ತೊಟ್ಟು, ನಾನು ನೀರಿನಲ್ಲಿ ಹಗ್ಗ ಹಿಡಿದು ನಿಂತಿರುವಾಗ ಅವಳು ಹುಟ್ಟು ಹಾಕುತ್ತಾಳೆ. ಪಕ್ಕದಲ್ಲಿ ತಳ್ಳಿದರೆ ಅದು ಗಿರಗಿರನೆ ಸುತ್ತುತ್ತದೆ. ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನೆಡೆಗೆ ಎಳೆದುಕೊಳ್ಳಬೇಕು. ಕಳೆದ ವಾರ ಅವಳು ಮೂರು ಸುತ್ತು ಸುತ್ತಿ, ನಾಲ್ಕನೆಯ ಸಲ ನೆಟ್ಟಗೆ ಆಚೆ ದಡ ಮುಟ್ಟಿದಳು.